ಮನೆಗೆ 16 ಲಕ್ಷ ಡಾಲರ್, ಜೊತೆಗೆ ಸರ್ಕಾರದ ಪೆನ್ಶನ್: ಇದು ಸರಿಯಾ?

ಪ್ರಶ್ನೆ (ಸಿಡ್ನಿಯ ಟೂಂಗಾಬಿಯಿಂದ, ಹೆಸರು ಬೇಡ ಅಂದಿದ್ದಾರೆ)

ನಮಸ್ಕಾರ ಮೇಡಂ. ನನಗೆ 71, ಹೆಂಡತಿಗೆ 68. ಸಿಡ್ನಿಗೆ ಬಂದು 30 ವರ್ಷದ ಹತ್ತಿರ ಆಯ್ತು. 1999ರಲ್ಲಿ 2,35,000 ಡಾಲರ್‌ಗೆ ಈ ಮನೆ ತಗೊಂಡೆವು. ನಾನು ಗೋದಾಮಿನಲ್ಲಿ ರಾತ್ರಿ ಪಾಳಿ, ಅವಳು ಚೈಲ್ಡ್‌ಕೇರ್‌ನಲ್ಲಿ. ಸಾಲ ತೀರಿಸುವಷ್ಟರಲ್ಲಿ ಬೆನ್ನು ಬಾಗಿ ಹೋಯಿತು. ಈಗ ಏಜೆಂಟ್ ಬಂದು 16 ಲಕ್ಷ ಬರುತ್ತೆ ಅನ್ನುತ್ತಾನೆ. ಮನೆ ಬಿಟ್ಟರೆ ಸೂಪರ್ (ನಿವೃತ್ತಿಗೆ ಕೂಡಿಡುವ ನಿಧಿ), ಬ್ಯಾಂಕು ಎಲ್ಲ ಸೇರಿ 1,20,000 ಇದೆ ಅಷ್ಟೇ. ಇಬ್ಬರಿಗೂ ಸರ್ಕಾರ ವಯಸ್ಸಾದವರಿಗೆ ಕೊಡುವ ಏಜ್ ಪೆನ್ಶನ್ ಪೂರ್ತಿ ಬರುತ್ತಿದೆ.

ಮೊನ್ನೆ ದೀಪಾವಳಿ ಊಟದಲ್ಲಿ ಒಬ್ಬ ಹುಡುಗ ಎಲ್ಲರ ಎದುರಿಗೆ "ಅಂಕಲ್, ರೂಪಾಯಿ ಲೆಕ್ಕದಲ್ಲಿ ನೀವು ಒಂಬತ್ತು ಕೋಟಿ ಒಡೆಯರು, ಆದರೂ ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಪೆನ್ಶನ್ ತಗೋತೀರಲ್ಲ" ಅಂದ. ನಗುತ್ತಲೇ ಅಂದ, ಆದರೆ ನನಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಒಂಬತ್ತು ಕೋಟಿ ಒಡೆಯನ ಹಾಲ್‌ನಲ್ಲಿ ಮಳೆ ಬಂದರೆ ಬಕೆಟ್ ಇಡಬೇಕು, ಸೂರು ಸೋರುತ್ತಿದೆ. ರಿಪೇರಿಗೆ 18,000 ಕೇಳುತ್ತಾರೆ. ನಾನು ಕಟ್ಟಿದ ಟ್ಯಾಕ್ಸ್ ತಾನೇ ನನಗೆ ವಾಪಸ್ ಬರುತ್ತಿರುವುದು? ನಾಳೆ ಸರ್ಕಾರ ಮನೆ ನೋಡಿ ಪೆನ್ಶನ್ ನಿಲ್ಲಿಸಿಬಿಟ್ಟರೆ ಏನು ಗತಿ?

ಉತ್ತರ

ಅಂಕಲ್, ಮೊದಲು ಸಮಾಧಾನದ ಮಾತು. ನೀವು ಕಾನೂನು ಕೊಟ್ಟಿದ್ದನ್ನು ತಗೊಂಡಿದ್ದೀರಿ. ಕದ್ದಿಲ್ಲ, ಮುಚ್ಚಿಟ್ಟಿಲ್ಲ. ಊಟದೆಲೆ ಮುಂದೆ ಹಾಗೆ ಅನ್ನಬಾರದಿತ್ತು.

ಆದರೆ ನೀವು ಹೇಳಿದ ಒಂದು ಮಾತು ಸರಿಯಲ್ಲ, ಇದನ್ನು ನನ್ನ ಹತ್ತಿರ ಬರುವ ಹಿರಿಯರಲ್ಲಿ ಹತ್ತಕ್ಕೆ ಒಂಬತ್ತು ಜನ ಹೇಳುತ್ತಾರೆ. ಏಜ್ ಪೆನ್ಶನ್ ಅಂದರೆ ನೀವು ಕಟ್ಟಿಟ್ಟ ಹುಂಡಿಯಲ್ಲ. ಭಾರತದ ಪಿಎಫ್ ತರ ನಿಮ್ಮ ಹೆಸರಲ್ಲಿ ಒಂದು ಖಾತೆ ಇದಕ್ಕೆ ಇಲ್ಲ. ಆ ಕೆಲಸಕ್ಕೆ ಇಲ್ಲಿರುವುದು ಸೂಪರ್. ಪೆನ್ಶನ್ ಈ ವರ್ಷ ದುಡಿಯುವವರ ತೆರಿಗೆಯಿಂದ ಈ ವರ್ಷವೇ ಹೋಗುವ ದುಡ್ಡು. 1909ರಲ್ಲಿ ಶುರುವಾದಾಗಿನಿಂದ ಇದು ಇಲ್ಲದವರಿಗೆ ಆಸರೆ ಅಂತಲೇ ಇರುವುದು. ಹಾಗಾಗಿ ಆ ಹುಡುಗನ ಬಾಯಿ ಜೋರು, ಲೆಕ್ಕ ಪೂರ್ತಿ ತಪ್ಪಲ್ಲ.

ಈಗ ಲೆಕ್ಕ ನೋಡಿ. ಅಂಕಿಗಳೆಲ್ಲ ಸೆಪ್ಟೆಂಬರ್ 2025ರ ದರ ಮತ್ತು ಮಿತಿಯವು, ಆಮೇಲೆ ಬದಲಾಗಿರಬಹುದು. ಪೂರ್ತಿ ಪೆನ್ಶನ್ ದಂಪತಿಗೆ ಎರಡು ವಾರಕ್ಕೆ 1,777 ಡಾಲರ್, ವರ್ಷಕ್ಕೆ 46,000 ದಾಟುತ್ತದೆ. ಒಂಟಿಯಾಗಿದ್ದರೆ ಎರಡು ವಾರಕ್ಕೆ 1,178.70. ಆದಾಯದ ಟೆಸ್ಟ್ ಒಂದು, ಆಸ್ತಿಯ ಟೆಸ್ಟ್ ಒಂದು, ಎರಡರಲ್ಲಿ ಯಾವುದು ಕಡಿಮೆ ಪೆನ್ಶನ್ ತೋರಿಸುತ್ತದೋ ಅಷ್ಟೇ ಸಿಗುವುದು. ಆಸ್ತಿ ಟೆಸ್ಟ್‌ನಲ್ಲಿ ನೀವು ವಾಸ ಇರುವ ಮನೆಯ ಬೆಲೆ ಸೊನ್ನೆ. 5 ಲಕ್ಷದ್ದಾದರೂ ಸೊನ್ನೆ, ಸಮುದ್ರದ ಮುಂದಿನ 50 ಲಕ್ಷದ್ದಾದರೂ ಸೊನ್ನೆ. ಸ್ವಂತ ಮನೆ ಇರುವ ದಂಪತಿಗೆ ಉಳಿದ ಆಸ್ತಿ 4,81,500ರ ಒಳಗಿದ್ದರೆ ಪೂರ್ತಿ ಪೆನ್ಶನ್. ಅದರ ಮೇಲೆ ಪ್ರತಿ ಸಾವಿರಕ್ಕೆ ಎರಡು ವಾರಕ್ಕೆ 3 ಡಾಲರ್ ಕಡಿತ. 2017ಕ್ಕೆ ಮೊದಲು ಇದು ಒಂದೂವರೆ ಡಾಲರ್ ಇತ್ತು.

ಬಾಡಿಗೆ ಮನೆಯ ದಂಪತಿಗೆ ಮಿತಿ 7,39,500. ಅಂದರೆ ಸ್ವಂತ ಮನೆ ಇಲ್ಲದ್ದಕ್ಕೆ ಸರ್ಕಾರ ಕೊಡುವ ರಿಯಾಯಿತಿ ಬರೀ 2,58,000. ಆ ದುಡ್ಡಿಗೆ ಸಿಡ್ನಿಯಲ್ಲಿ ಎಂಥ ಮನೆ ಸಿಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಪಕ್ಕಪಕ್ಕ ಇಟ್ಟು ನೋಡಿದರೆ ಇನ್ನೂ ಚುರುಕು ಮುಟ್ಟುತ್ತದೆ. ನಿಮ್ಮದು ಮನೆ ಸೇರಿ 17 ಲಕ್ಷದ ಆಸ್ತಿ, ಪೆನ್ಶನ್ ಪೂರ್ತಿ. ಜೀವನವಿಡೀ ಬಾಡಿಗೆಯಲ್ಲೇ ಇದ್ದು ಸೂಪರ್‌ನಲ್ಲಿ 14 ಲಕ್ಷ ಕೂಡಿಟ್ಟ ದಂಪತಿ ಇದ್ದಾರೆ ಅಂದುಕೊಳ್ಳಿ. ಅವರಿಗೆ 13,32,000ಕ್ಕೇ ಬಾಗಿಲು ಮುಚ್ಚಿತು, ಪೆನ್ಶನ್ ಸೊನ್ನೆ. ನಿಮಗಿಂತ ಕಡಿಮೆ ಇರುವವರು, ಅದರಲ್ಲೇ ವಾರ ವಾರ ಬಾಡಿಗೆಯೂ ಕಟ್ಟಬೇಕು.

ಮನೆಯನ್ನು ಲೆಕ್ಕಕ್ಕೆ ತರಬೇಕು ಅನ್ನುವ ಮಾತು ಹೊಸದಲ್ಲ. 2010ರ ಹೆನ್ರಿ ತೆರಿಗೆ ವರದಿ, 2014ರ ಆಡಿಟ್ ಆಯೋಗ, 2018ರಲ್ಲಿ ಗ್ರ್ಯಾಟನ್ ಇನ್‌ಸ್ಟಿಟ್ಯೂಟ್ ಅನ್ನುವ ಅಧ್ಯಯನ ಸಂಸ್ಥೆ, ಎಲ್ಲರೂ ಒಂದು ಮಟ್ಟದ ಮೇಲಿನ ಬೆಲೆಯನ್ನಾದರೂ ಹಿಡಿಯಿರಿ ಅಂದರು. ಗ್ರ್ಯಾಟನ್ ಅಂತೂ 5 ಲಕ್ಷದ ಮೇಲಿನದನ್ನೆಲ್ಲ ಅಂದಿತ್ತು. ಯಾವ ಪಕ್ಷವೂ ಕೈ ಹಾಕಲಿಲ್ಲ. ಹಿರಿಯರ ವೋಟು ಜಾಸ್ತಿ ಅಲ್ವಾ. ಹಾಗಾಗಿ ನಾಳೆ ಬೆಳಗ್ಗೆ ನಿಲ್ಲಿಸಿಬಿಡುತ್ತಾರೆ ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ.

(ಇದು ಎಲ್ಲರಿಗೂ ಹೇಳುವ ಮಾಹಿತಿ. ನಿಮ್ಮ ಕಾಗದಪತ್ರ ನೋಡದೆ ಸಲಹೆ ಕೊಟ್ಟರೆ ಹಣಕಾಸು ಸಲಹೆ ಕೊಡುವ ನನ್ನ ಲೈಸೆನ್ಸ್ ಹೋಗುತ್ತದೆ.)

ಇನ್ನೊಬ್ಬ ಸದಸ್ಯ

ಅಕ್ಕ, ಊಟದಲ್ಲಿ ಆ ಮಾತು ಅಂದವನು ನಾನಲ್ಲ, ಆದರೆ ನನ್ನ ಮನಸ್ಸಿನಲ್ಲೂ ಅದೇ ಇದೆ. ಪ್ಯಾರಾಮ್ಯಾಟಾದಲ್ಲಿ ಎರಡು ಬೆಡ್‌ರೂಮಿಗೆ ವಾರಕ್ಕೆ 720 ಕಟ್ಟುತ್ತೇನೆ. ಮಗು ಆದಮೇಲೆ ಉಳಿತಾಯ ಅನ್ನುವುದೇ ಇಲ್ಲ. ನನಗೆ ಮನೆ ಆಗುವ ನಂಬಿಕೆ ಹೋಗಿದೆ. ನಾಲ್ಕು ಬೆಡ್‌ರೂಮ್ ಮನೆಯಲ್ಲಿ ಇಬ್ಬರೇ ಇರುವವರು ಮಾರಿ ಚಿಕ್ಕದಕ್ಕೆ ಹೋಗಲಿ, ಆ ದುಡ್ಡಲ್ಲಿ ಬದುಕಲಿ. ಇದರಲ್ಲಿ ಏನು ತಪ್ಪು?

ಉತ್ತರ

ತಪ್ಪಿಲ್ಲಪ್ಪ, ನಿನ್ನ ಸಿಟ್ಟು ಅರ್ಥ ಆಗುತ್ತದೆ. ಆದರೆ "ಮಾರಿ ಹೋಗಲಿ" ಅನ್ನುವುದು ಬಾಯಲ್ಲಿ ಸುಲಭ. ಮೇಲಿನ ಅಂಕಲ್ ಲೆಕ್ಕವನ್ನೇ ಹಿಡಿ. 16 ಲಕ್ಷಕ್ಕೆ ಮಾರಿ 9 ಲಕ್ಷದ ಯುನಿಟ್ (ಫ್ಲ್ಯಾಟ್) ತಗೊಂಡರು ಅನ್ನು. ಸ್ಟ್ಯಾಂಪ್ ಡ್ಯೂಟಿ, ಏಜೆಂಟ್ ಖರ್ಚು ಸದ್ಯಕ್ಕೆ ಬಿಡು. ಉಳಿದ 7 ಲಕ್ಷ ಬ್ಯಾಂಕಿಗೆ ಬಂದು ಕೂತ ತಕ್ಷಣ ಅದು ಆಸ್ತಿ. ಹಳೆಯ 1,20,000 ಸೇರಿ 8,20,000. ಪೆನ್ಶನ್ ಎರಡು ವಾರಕ್ಕೆ 1,777ರಿಂದ ಸುಮಾರು 761ಕ್ಕೆ ಇಳಿಯುತ್ತದೆ. ವರ್ಷಕ್ಕೆ 26,000 ಡಾಲರ್ ಹೋಯಿತು. ಸಾವಿರಕ್ಕೆ ವರ್ಷಕ್ಕೆ 78 ಡಾಲರ್ ಕಡಿತ ಅಂದರೆ ಆ ದುಡ್ಡು ನೂರಕ್ಕೆ 7.8 ದುಡಿದರೆ ಮಾತ್ರ ಸರಿಸಮ. ಯಾವ ಬ್ಯಾಂಕು ಅಷ್ಟು ಬಡ್ಡಿ ಕೊಡುತ್ತದೆ?

ಇಂಥ ನಿಯಮ ಇಟ್ಟುಕೊಂಡು ಹಿರಿಯರು ದೊಡ್ಡ ಮನೆ ಬಿಡುತ್ತಿಲ್ಲ ಅಂತ ಬೈಯುವುದರಲ್ಲಿ ಅರ್ಥ ಇಲ್ಲ. ಬಾಗಿಲಿಗೆ ಚಿಲಕ ಹಾಕಿದವರೇ ಹೊರಗೆ ನಿಂತು "ಬನ್ನಿ" ಅಂದ ಹಾಗಾಯಿತು. ಹೊಸ ಮನೆ ತಗೊಳ್ಳಲು ಎತ್ತಿಟ್ಟ ದುಡ್ಡನ್ನು 24 ತಿಂಗಳು ಆಸ್ತಿ ಲೆಕ್ಕಕ್ಕೆ ಹಿಡಿಯುವುದಿಲ್ಲ, 55 ದಾಟಿದವರು ಮನೆ ಮಾರಿದ ದುಡ್ಡಲ್ಲಿ ತಲಾ 3 ಲಕ್ಷ ಸೂಪರ್‌ಗೆ ಹಾಕಬಹುದು, ಇವೆಲ್ಲ ಇವೆ. ಆದರೆ ಪೆನ್ಶನ್ ವಯಸ್ಸಾದ ಮೇಲೆ ಸೂಪರ್‌ನಲ್ಲಿದ್ದರೂ ಅದು ಆಸ್ತಿಯೇ. ಸುತ್ತಿ ಬಳಸಿ ಅಲ್ಲಿಗೇ ಬಂದೆವು.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಯಾರ ಮನೆಯನ್ನೂ ಮಾರಿಸಬಾರದು. ಅದೇ ಬೀದಿಯಲ್ಲಿ ಡಾಕ್ಟರು ಗೊತ್ತು, ತರಕಾರಿ ಅಂಗಡಿ ಗೊತ್ತು, ಬಿದ್ದರೆ ಎತ್ತುವ ನೆರೆಯವರಿದ್ದಾರೆ. 75ನೇ ವಯಸ್ಸಿನಲ್ಲಿ ಅದನ್ನು ಕಿತ್ತು ಬೇರೆ ಕಡೆ ನೆಡಲು ಆಗುವುದಿಲ್ಲ. ಆದರೆ ಒಂದು ಮಟ್ಟದ ಮೇಲಿನ ಮನೆ ಬೆಲೆಯನ್ನು ಲೆಕ್ಕಕ್ಕೆ ತಗೊಂಡು, ಅದರಿಂದ ಕಡಿತವಾಗುವ ಪೆನ್ಶನ್ನನ್ನು ನಿಲ್ಲಿಸದೆ, ಮನೆಯ ಮೇಲಿನ ಸಾಲ ಅಂತ ಬರೆದುಕೊಂಡು ಕೊಡುತ್ತಾ ಹೋಗಲಿ. ಇಬ್ಬರೂ ಹೋದಮೇಲೆ ಮನೆ ಮಾರಿದಾಗ ಸರ್ಕಾರ ತನ್ನ ಪಾಲು ತಗೊಳ್ಳಲಿ. ಊಟಕ್ಕೂ ಔಷಧಿಗೂ ಯಾರಿಗೂ ಕಮ್ಮಿ ಆಗಲ್ಲ.

ಆಗ ಕಮ್ಮಿ ಆಗುವುದು ಯಾರಿಗೆ? ಮಕ್ಕಳಿಗೆ. ಇದನ್ನು ಗ್ರೂಪಿನಲ್ಲಿ ಬರೆದರೆ ಬೈಗುಳ ಬರುತ್ತದೆ, ಬರಲಿ. ಈ ದೇಶದಲ್ಲಿ ವಾರಸುದಾರರಿಗೆ ಎಸ್ಟೇಟ್ ತೆರಿಗೆ ಇಲ್ಲ, ಕೇಂದ್ರ ಸರ್ಕಾರ 1979ರಲ್ಲೇ ತೆಗೆದುಹಾಕಿತು. 20 ಲಕ್ಷದ ಮನೆಯನ್ನು ಮುಟ್ಟದೆ ಪೆನ್ಶನ್‌ನಲ್ಲಿ ಬದುಕಿದರೆ ಆ 20 ಲಕ್ಷ ಹಾಗೇ ಮಗನಿಗೆ ಹೋಗುತ್ತದೆ. ತಿಂಗಳಿಗೆ ಲೆಕ್ಕ ಹಾಕಿ ನೋಡಿದರೆ ತೆರಿಗೆದಾರ ಕಾಪಾಡುತ್ತಿರುವುದು ಅಪ್ಪನ ಹೊಟ್ಟೆಯನ್ನಲ್ಲ, ಮಗನ ಆಸ್ತಿಯನ್ನು. ಮತ್ತೆ ಆ ಮಗನಿಗೆ ಆಗಲೇ ಎರಡು ಮನೆ ಇರುತ್ತದೆ, ಅದು ಬೇರೆ ಕಥೆ.

ಇನ್ನೊಬ್ಬ ಸದಸ್ಯೆ

ಮೇಡಂ, ನಮ್ಮದು ಉಲ್ಟಾ ಕಥೆ. ಇಲ್ಲಿ ಸಾಧಾರಣ ಮನೆ, ಉಳಿತಾಯ 4 ಲಕ್ಷ. ಜಯನಗರದಲ್ಲಿ ನನ್ನ ಗಂಡನ ಹೆಸರಿನಲ್ಲಿ ಹಳೆಯ ಮನೆ ಇದೆ, ನಮ್ಮ ಅತ್ತೆ ಇದ್ದಾರೆ. ಒಂದು ರೂಪಾಯಿ ಬಾಡಿಗೆ ಬರಲ್ಲ. ಅದನ್ನೂ ಪೆನ್ಶನ್ ಕೊಡುವ ಸರ್ಕಾರಿ ಕಚೇರಿ ಸೆಂಟರ್‌ಲಿಂಕ್‌ಗೆ ಹೇಳಬೇಕಾ? ಇವರು ಮುಂದಿನ ವರ್ಷ 67 ಮುಟ್ಟುತ್ತಾರೆ, ನನಗೆ ಆಗಲೇ ಆಗಿದೆ.

ಉತ್ತರ

ಹೇಳಲೇಬೇಕು. ಪ್ರಪಂಚದಲ್ಲಿ ಎಲ್ಲಿದ್ದರೂ ನಿಮ್ಮ ಆಸ್ತಿ ಲೆಕ್ಕಕ್ಕೆ ಬರುತ್ತದೆ. ಸೊನ್ನೆ ಮಾಡುವುದು ನೀವು ವಾಸ ಇರುವ ಒಂದೇ ಮನೆಯನ್ನು. ಜಯನಗರದ ಮನೆ ಸುಮಾರು 5 ಲಕ್ಷ ಡಾಲರ್ ಬಾಳುತ್ತದೆ ಅಂದುಕೊಳ್ಳೋಣ. ಆಗ ನಿಮ್ಮ ಆಸ್ತಿ 9 ಲಕ್ಷ, ಇಬ್ಬರಿಗೂ ಸೇರಿ ಪೆನ್ಶನ್ ಎರಡು ವಾರಕ್ಕೆ ಸುಮಾರು 521. ಟೂಂಗಾಬಿಯ 16 ಲಕ್ಷ ಸೊನ್ನೆ, ಅತ್ತೆ ಇರುವ ಜಯನಗರದ 5 ಲಕ್ಷ ಪೂರ್ತಿ ಲೆಕ್ಕ! ನ್ಯಾಯವಾ ಅಂತ ಕೇಳಬೇಡಿ, ನಿಯಮ ಹೀಗಿದೆ. ಹಾಸನದ ಅರ್ಧ ಎಕರೆ, ಮೈಸೂರಿನ ಸೈಟು, ಅಣ್ಣತಮ್ಮಂದಿರ ಜೊತೆ ಭಾಗ ಆಗದೆ ಉಳಿದಿರುವ ಪಾಲು, ಎಲ್ಲವನ್ನೂ ತಿಳಿಸಿ. "ಅವರಿಗೆ ಹೇಗೆ ಗೊತ್ತಾಗುತ್ತೆ" ಅನ್ನುವ ಬುದ್ಧಿವಂತರ ಮಾತು ಕೇಳಬೇಡಿ. ಗೊತ್ತಾದ ದಿನ ಜಾಸ್ತಿ ಬಂದಿದ್ದನ್ನೆಲ್ಲ ಸಾಲವಾಗಿ ವಸೂಲಿ ಮಾಡುತ್ತಾರೆ.

ಈಗಲೇ ಮಗನ ಹೆಸರಿಗೆ ಮಾಡಿಬಿಡೋಣ ಅಂತ ಹೊಳೆದಿರಬಹುದು. ವರ್ಷಕ್ಕೆ 10,000, ಐದು ವರ್ಷಕ್ಕೆ ಒಟ್ಟು 30,000ಕ್ಕಿಂತ ಜಾಸ್ತಿ ದಾನ ಕೊಟ್ಟರೆ ಮಿಕ್ಕಿದ್ದು ಐದು ವರ್ಷ ನಿಮ್ಮ ಹತ್ತಿರವೇ ಇದೆ ಅಂತ ಲೆಕ್ಕ. ಪೆನ್ಶನ್ ವಯಸ್ಸಿಗೆ ಮೊದಲಿನ ಐದು ವರ್ಷದಲ್ಲಿ ಕೊಟ್ಟಿದ್ದಕ್ಕೂ ಇದೇ ಕಣ್ಣು ಇರುತ್ತದೆ.

ಊರಿಗೆ ಹೋಗಿ ತುಂಬಾ ದಿನ ಇರುವವರೂ ಕೇಳಿಸಿಕೊಳ್ಳಿ. ಇಲ್ಲಿನ ಮನೆ ಬಿಟ್ಟು 12 ತಿಂಗಳು ದಾಟಿದರೆ ಆ ಮನೆಗೂ ಸೊನ್ನೆ ಬೆಲೆ ಉಳಿಯುವುದಿಲ್ಲ. 26 ವಾರ ದಾಟಿ ಹೊರಗಿದ್ದರೆ ಪೆನ್ಶನ್ನಿಗೆ ಬೇರೆ ಲೆಕ್ಕ. 16ನೇ ವಯಸ್ಸಿನಿಂದ ಪೆನ್ಶನ್ ವಯಸ್ಸಿನ ತನಕ 35 ವರ್ಷ ಇಲ್ಲಿದ್ದಿದ್ದರೆ ಮಾತ್ರ ಪೂರ್ತಿ, ಇಲ್ಲದಿದ್ದರೆ ಇದ್ದಷ್ಟು ವರ್ಷದ ಪಾಲು. ನಲವತ್ತಕ್ಕೆ ಬಂದ ನಮ್ಮಂಥವರಿಗೆ ಪೂರ್ತಿ ಸಿಗುವ ಮಾತೇ ಇಲ್ಲ.

ಮೊದಲು ಕೇಳಿದವರು

ಮೇಡಂ, ಎಲ್ಲ ಓದಿದೆ. ಮಗಳಿಗೂ ಓದಿ ಹೇಳಿದೆ. ನೀವು ಹೇಳಿದ ಮನೆ ಮೇಲಿನ ಸಾಲ ಈಗ ಇದೆಯಾ, ಇಲ್ಲ ಮುಂದೆ ಬರಬೇಕಾ? ಸೂರು ಅಷ್ಟು ದಿನ ಕಾಯಲ್ಲ.

ಉತ್ತರ

ಇದೆ ಅಂಕಲ್. ಹೋಮ್ ಇಕ್ವಿಟಿ ಆ್ಯಕ್ಸೆಸ್ ಸ್ಕೀಮ್ ಅಂತ, ಸೆಂಟರ್‌ಲಿಂಕ್ ಮೂಲಕವೇ. ಹಳೆಯ ಹೆಸರು ಪೆನ್ಶನ್ ಲೋನ್ಸ್ ಸ್ಕೀಮ್. ಸ್ವಂತ ಇಷ್ಟದಿಂದ ಹೋಗುವವರಿಗೆ ಮಾತ್ರ, ಬಲವಂತ ಇಲ್ಲ. ಪೆನ್ಶನ್ ಮತ್ತು ಸಾಲ ಎರಡೂ ಸೇರಿ ಪೂರ್ತಿ ಪೆನ್ಶನ್ನಿನ ಒಂದೂವರೆ ಪಟ್ಟಿನ ತನಕ ತಗೋಬಹುದು. ಬಡ್ಡಿ ನೂರಕ್ಕೆ 3.95, ಎರಡು ವಾರಕ್ಕೊಮ್ಮೆ ಸೇರುವ ಚಕ್ರಬಡ್ಡಿ. ತಿಂಗಳ ಕಂತು ಅಂತ ಏನೂ ಇಲ್ಲ, ಮನೆ ಮಾರಿದಾಗಲೋ ನಿಮ್ಮ ಕಾಲದ ನಂತರವೋ ತೀರುತ್ತದೆ. ಸಾಲ ಬೆಳೆದು ಮನೆ ಬೆಲೆಯನ್ನೇ ದಾಟಿದರೂ ಮಿಕ್ಕಿದ್ದನ್ನು ಮಕ್ಕಳಿಂದ ಕೇಳುವಂತಿಲ್ಲ.

ಚಕ್ರಬಡ್ಡಿ ಅಂದ ಕೂಡಲೇ ನಮ್ಮ ಜನಕ್ಕೆ ಎದೆ ಝಲ್ ಅನ್ನುತ್ತದೆ, ಗೊತ್ತು. ಎರಡು ವಾರಕ್ಕೆ 400ರಂತೆ 15 ವರ್ಷ ತಗೊಂಡಿರಿ ಅನ್ನಿ. ಕೈಗೆ ಬಂದಿದ್ದು 1,56,000, ಇದೇ ಬಡ್ಡಿ ಇದ್ದರೆ ತೀರಿಸಬೇಕಾದ್ದು ಸುಮಾರು 2,13,000. 16 ಲಕ್ಷದ ಮನೆಗೆ ಇದು ಮುಳುಗಿಸುವ ಸಾಲ ಅಲ್ಲ.

ನಿಮ್ಮ ಸೂರಿಗೆ ಮುಂಗಡವಾಗಿ ಒಟ್ಟಿಗೆ ತಗೊಳ್ಳುವ ದಾರಿಯೂ ಇದೆ. ದಂಪತಿಗೆ ವರ್ಷದಲ್ಲಿ ಸುಮಾರು 23,000ದ ತನಕ ಸಿಗುತ್ತದೆ, 18,000 ಅದರೊಳಗೇ ಬರುತ್ತದೆ. ಆ ವರ್ಷ ಪ್ರತಿ ಎರಡು ವಾರಕ್ಕೆ ಸಿಗಬಹುದಾದ ಸಾಲ ಅಷ್ಟು ಕಡಿಮೆಯಾಗುತ್ತದೆ. ಮನೆಯ ಟೈಟಲ್ ಮೇಲೆ ಸರ್ಕಾರದ ಹೆಸರು ದಾಖಲಾಗುತ್ತದೆ. ಮನೆಗೆ ಇನ್ಶೂರೆನ್ಸ್ ಇರಲೇಬೇಕು, ಅದು ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ.

ಮೊದಲು ಕೇಳಿದವರು

ಇನ್ಶೂರೆನ್ಸ್ ಇದೆ. ಮಗಳು "ಅಪ್ಪ, ನನಗೆ ಮನೆ ಬೇಡ, ಮೊದಲು ಸೂರು ಹಾಕಿಸಿ" ಅಂದಳು. ಅಳಿಯ ಏನೂ ಅನ್ನಲಿಲ್ಲ.