‘ಮದ್ಯ’, ‘ಶೆರೆ’: ಬಸುರಿಯರಿಗೆ ಯಾವ ಪದ ಮುಟ್ಟುತ್ತದೆ?

ಎಲ್ಲರಿಗೂ ನಮಸ್ಕಾರ.

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಆಶಾ ಕಾರ್ಯಕರ್ತೆಯರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ವಿಷಯ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್. ಅಂದ್ರೆ ಬಸುರಿ ಕುಡಿದರೆ ಕೂಸಿಗೆ ಆಗುವ ಹಾನಿ. 1973ರಲ್ಲಿ ಅಮೆರಿಕದ ಸಿಯಾಟಲ್‌ನ ಡಾಕ್ಟರುಗಳು ಇಟ್ಟ ಹೆಸರಿದು. ಕನ್ನಡದಲ್ಲಿ ‘ಭ್ರೂಣ ಮದ್ಯ ಸಹಲಕ್ಷಣ’ ಅನ್ನಬಹುದು. ಆದರೆ ಯಾರಿಗೆ ತಿಳಿಯುತ್ತದೆ?

‘ಭ್ರೂಣ’ವನ್ನು ನಾನು ಬಿಟ್ಟಿದ್ದೇನೆ. ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೆ ‘ಭ್ರೂಣಲಿಂಗ ಪತ್ತೆ ಅಪರಾಧ’ ಅಂತ ಓದಿ ಓದಿ ಆ ಪದ ಕೇಳಿದರೆ ಪೊಲೀಸ್ ಕೇಸು ನೆನಪಾಗುತ್ತದೆ. ‘ಹೊಟ್ಟೆಯೊಳಗಿನ ಕೂಸು’ ಸಾಕು.

ನನ್ನ ಚಿಂತೆ ‘ಮದ್ಯ’ದ್ದು. ಓದಿ ಹೇಳುವಾಗ ನಮ್ಮ ಕಡೆ ಮದ್ಯ, ಮಧ್ಯ ಎರಡೂ ಒಂದೇ ಥರ ಕೇಳುತ್ತವೆ. ಆಡುಮಾತಿನಲ್ಲಿ ಇರುವುದು ‘ಶೆರೆ’. ಶೆರೆ ಅಂದ್ರೆ ಸಾರಾಯಿ, ಹೆಚ್ಚೆಂದರೆ ಕ್ವಾರ್ಟರ್ ಬಾಟಲಿ. ಕರಡು ಓದಿದಾಗ ಒಬ್ಬಾಕೆ ಕೇಳಿದ್ದು ಇದನ್ನೇ: “ಬೀರ್ ಶೆರೆ ಅಲ್ಲಲ್ರೀ? ವೈನ್ ಅಂತೂ ದ್ರಾಕ್ಷಿ ರಸಾನ ಐತಿ.” ದ್ರಾಕ್ಷಿ ಬೆಳೆಯುವ ಸೀಮೆ, ಹಾಗೆ ಕೇಳುವುದು ಸಹಜ ಅಲ್ವಾ? ಆದರೆ ಶೇ 5ರ ಬೀರ್ ಅಂದರೂ 650 ಎಂಎಲ್ ಬಾಟಲಿಯಲ್ಲಿ 32 ಎಂಎಲ್‌ನಷ್ಟು ಆಲ್ಕೋಹಾಲ್ ಇರುತ್ತದೆ. 60 ಎಂಎಲ್ ವಿಸ್ಕಿಯಲ್ಲಿ ಇರುವುದು ಸುಮಾರು 26. ಯಾವುದೇ ಆಗಲಿ, ಮಾಸು ದಾಟಿ ಕೂಸಿನ ರಕ್ತ ಸೇರುತ್ತದೆ. ಅದನ್ನು ಕರಗಿಸುವ ಶಕ್ತಿ ಕೂಸಿನ ಲಿವರಿಗೆ ಇನ್ನೂ ಬಂದಿರುವುದಿಲ್ಲ. ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆ ಇಲ್ಲ, ಈ ತಿಂಗಳಾದರೆ ನಡೆಯುತ್ತದೆ ಅನ್ನುವುದೂ ಇಲ್ಲ. ಮೊದಲ ಮೂರು ತಿಂಗಳಲ್ಲಿ ಮುಖ ಮೂಡುವಾಗ ಪೆಟ್ಟು ಬಿದ್ದರೆ ಕಣ್ಣು ಕಿರಿದಾಗಬಹುದು, ಮೇಲ್ದುಟಿ ತೆಳುವಾಗಬಹುದು, ಮೂಗಿನ ಕೆಳಗಿನ ಗುಳಿ ಸಪಾಟಾಗಬಹುದು. ಮೆದುಳು ಮಾತ್ರ ಒಂಬತ್ತೂ ತಿಂಗಳು ಬೆಳೆಯುತ್ತಿರುತ್ತದೆ. ಹಾಗಾಗಿ ಯಾವ ತಿಂಗಳಲ್ಲಿ ಬಿಟ್ಟರೂ ಲಾಭವೇ.

‘ಅಮಲು ಪದಾರ್ಥ’ ಅಂದರೆ ಗಾಂಜಾ ಕಡೆ ಹೋಗುತ್ತದೆ. ‘ಚಟ’ ಅಂತೂ ಬೇಡವೇ ಬೇಡ. “ಚಟ ಐತೇನು?” ಅಂತ ಕೇಳಿದರೆ ಯಾವ ಹೆಣ್ಣುಮಗಳು ಬಾಯಿ ಬಿಡುತ್ತಾಳೆ? ಬಾಯಿ ಬಿಡದಿದ್ದರೆ ಅವಳಿಗೆ ಸಹಾಯ ಸಿಗುವುದಿಲ್ಲ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಡಾಕ್ಟರ ಕೈಕೆಳಗೇ ಬಿಡಬೇಕು. ಅದಕ್ಕೇ 14446 ಸಹಾಯವಾಣಿಯನ್ನು ದೊಡ್ಡ ಅಕ್ಷರದಲ್ಲಿ ಹಾಕುತ್ತಿದ್ದೇನೆ.

ಇನ್ನು ‘ಚಿಕಿತ್ಸೆ’. ಅದನ್ನು ಕೇಳಿದ ಕೂಡಲೇ “ಪೂರಾ ಆರಾಮ ಆಗ್ತೈತೇನ್ರೀ?” ಅನ್ನುತ್ತಾರೆ. ಮೆದುಳಿಗೆ ಆದ ಹಾನಿಯನ್ನು ಅಳಿಸುವ ಔಷಧ ಇಲ್ಲ. ಆದರೆ ಬೇಗ ಗುರುತಿಸಿದರೆ ಮಾತಿನ ತರಬೇತಿ, ಕಲಿಕೆಗೆ ನೆರವು, ಚಂಚಲತೆಗೆ ಮಾತ್ರೆ, ತಂದೆ ತಾಯಿಗೆ ತಿಳಿವಳಿಕೆ, ಇವೆಲ್ಲ ಮಗುವಿನ ಬದುಕನ್ನು ಎಷ್ಟೋ ಹಗುರ ಮಾಡುತ್ತವೆ. ಇದಕ್ಕೆ ‘ಆರೈಕೆ’ ಅನ್ನಲೇ? ‘ಜ್ವಾಪಾನ’ ಅನ್ನಲೇ?

ಬೆಳಗಾವಿ, ಬಾಗಲಕೋಟೆ ಕಡೆಯವರು ದಯವಿಟ್ಟು ಹೇಳಿ. ನಿಮ್ಮ ಮನೆಯ ಹೆಂಗಸರ ಬಾಯಲ್ಲಿ ಬೀರ್, ವೈನ್, ಸೇಂದಿ, ಸಾರಾಯಿ ಎಲ್ಲಕ್ಕೂ ಸಲ್ಲುವ ಒಂದೇ ಮಾತಿದೆಯಾ? ಇಲ್ಲದಿದ್ದರೆ ಎಲ್ಲ ಹೆಸರನ್ನೂ ಸಾಲಾಗಿ ಅಚ್ಚು ಹಾಕಿಸುತ್ತೇನೆ.