ಫ್ಲೆಕ್ಸ್‌ಪ್ಲೇಟ್ ಎರಡನೇ ಸಲ ಸೀಳಿತು, ಈಗ ಯಾವುದು ಹಾಕಲಿ?

ಅರ್ಧಗೇರ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಹಳೆ ಶೆವ್ರೊಲೆಗೆ 5.3 ಲೀಟರ್ ಎಲ್‌ಎಸ್ (ಶೆವ್ರೊಲೆಯ ಹೊಸ ಪೀಳಿಗೆಯ ವಿ8) ಎಂಜಿನ್ ಕೂರಿಸಿದ್ದೇನೆ, ಒಂದು ಟರ್ಬೊ ಇದೆ, ಹಿಂದೆ ಟಿಎಚ್400 ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಸುಮಾರು 650 ಎಚ್‌ಪಿ ಬರುತ್ತದೆ. ದಿನಾ ಓಡಿಸುತ್ತೇನೆ, ಆಗಾಗ ಡ್ರ್ಯಾಗ್ ಸ್ಟ್ರಿಪ್‌ಗೂ ಹೋಗುತ್ತೇನೆ.

ಕಳೆದ ತಿಂಗಳು ಐಡಲ್‌ನಲ್ಲಿ ಟಕ್ ಟಕ್ ಅಂತ ಸದ್ದು ಶುರುವಾಯಿತು. ರಾಡ್ ಬೇರಿಂಗ್ ಹೋಯಿತು ಅಂತ ಎದೆ ಧಸಕ್ ಅಂದಿತು, ಆಯಿಲ್ ಪ್ಯಾನ್ ಬಿಚ್ಚಿ ನೋಡಿದರೆ ಬೇರಿಂಗ್‌ಗಳೆಲ್ಲ ಹೊಸದರ ಹಾಗಿದ್ದವು. ಎರಡು ದಿನದ ಕೆಲಸ ಸುಮ್ನೆ ದಂಡ. ಕೊನೆಗೆ ಗೇರ್‌ಬಾಕ್ಸ್ ಇಳಿಸಿದಾಗ ಗೊತ್ತಾಯಿತು, ಫ್ಲೆಕ್ಸ್‌ಪ್ಲೇಟ್ ಸೀಳಿದೆ, ಅಂದರೆ ಎಂಜಿನ್ನಿನ ಕ್ರ್ಯಾಂಕನ್ನು ಟಾರ್ಕ್ ಕನ್ವರ್ಟರಿಗೆ (ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ಶಕ್ತಿ ದಾಟಿಸುವ ಭಾಗ) ಜೋಡಿಸುವ ತೆಳು ತಟ್ಟೆ. ಇದು ಎರಡನೇ ಸಲ. ಎರಡೂ ಸಲ ಹಾಕಿದ್ದು 4ಎಲ್60ಇ ಗೇರ್‌ಬಾಕ್ಸ್ ಜೊತೆ ಬರುವ ಕಂಪನಿ ಪ್ಲೇಟನ್ನೇ, ಕನ್ವರ್ಟರ್ ಬೋಲ್ಟ್ ಕೂರಲಿ ಅಂತ ತೂತು ಸ್ವಲ್ಪ ಉಜ್ಜಿ ಉದ್ದ ಮಾಡಿದ್ದೆ.

ಈ ಸಲ ಗಟ್ಟಿಯಾದದ್ದೇ ಹಾಕೋಣ ಅಂತಿದ್ದೇನೆ. ಬಿಲೆಟ್ (ಗಟ್ಟಿ ಲೋಹದ ತುಂಡಿನಿಂದ ಕಡೆದದ್ದು) ಬೇಕಾ, ಎಸ್‌ಎಫ್‌ಐ (ರೇಸ್ ಬಿಡಿಭಾಗಗಳ ಸುರಕ್ಷತಾ ಸಂಸ್ಥೆ) ಮುದ್ರೆ ಇರುವ ಸಾಮಾನ್ಯ ಪ್ಲೇಟ್ ಸಾಕಾ? ದಪ್ಪ ಎಷ್ಟಿರಬೇಕು?

ಎಣ್ಣೆಕೈ ಉತ್ತರ:

ದುಡ್ಡು ಬಿಚ್ಚುವ ಮುಂಚೆ ಒಂದು ಹೇಳಿ ಗುರು, ಸೀಳಿದ್ದು ಎಲ್ಲಿ? ಕ್ರ್ಯಾಂಕ್ ಬೋಲ್ಟ್‌ಗಳ ಸುತ್ತ ದುಂಡಗೆ ಸೀಳಿದೆಯಾ, ಕನ್ವರ್ಟರ್ ಬೋಲ್ಟ್ ಇರುವ ಕಡೆಯಾ, ಇಲ್ಲಾ ರಿಂಗ್ ಗೇರ್ (ಸ್ಟಾರ್ಟರ್ ತಿರುಗಿಸುವ ಹಲ್ಲಿನ ಬಳೆ) ಬೆಸುಗೆಯ ಹತ್ತಿರವಾ? ಮೂರಕ್ಕೂ ಕಾರಣ ಬೇರೆ ಬೇರೆ. 650 ಎಚ್‌ಪಿಗೆ ಪ್ಲೇಟ್ ಸುಮ್ಮನೆ ಸೀಳುವುದಿಲ್ಲ, ಅದೂ ಎರಡು ಸಲ. ಯಾವುದೋ ಅದನ್ನು ಪ್ರತಿ ಸುತ್ತಿಗೂ ಬಗ್ಗಿಸುತ್ತಿದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆಯೇ ಇದೂ.

ಇನ್ನೊಂದು, ಕ್ರ್ಯಾಂಕ್‌ಗೂ ಪ್ಲೇಟಿಗೂ ಮಧ್ಯೆ ಸ್ಪೇಸರ್ ಹಾಕಿದ್ದೀರಾ?

ಅರ್ಧಗೇರ್:

ಕ್ರ್ಯಾಂಕ್ ಬೋಲ್ಟ್‌ಗಳ ಸುತ್ತಲೇ, ಮುಕ್ಕಾಲು ಸುತ್ತು ಸೀಳಿದೆ. ಸ್ಪೇಸರ್ ಹಾಕಿಲ್ಲ. ಅದು ಬೇಕು ಅಂತಲೇ ಗೊತ್ತಿರಲಿಲ್ಲ, ಬೋಲ್ಟ್ ಎಲ್ಲ ಸಲೀಸಾಗಿ ಕೂತವು.

ಎಣ್ಣೆಕೈ:

ಸಿಕ್ಕಿತು ನೋಡಿ ಕಳ್ಳ.

ಎಲ್‌ಎಸ್ ಎಂಜಿನ್ನಿನ ಕ್ರ್ಯಾಂಕ್ ಹಿಂಬದಿ ಹಳೆ ಶೆವ್ರೊಲೆ ಸ್ಮಾಲ್ ಬ್ಲಾಕ್ ವಿ8 ಎಂಜಿನ್ನಿನದಕ್ಕಿಂತ 0.400 ಇಂಚು ಗಿಡ್ಡ, ಅಂದರೆ 10 ಮಿಲಿಮೀಟರ್. ಟಿಎಚ್400, ಟಿಎಚ್350 ಇವೆಲ್ಲ ಹಳೆ ಕಾಲದ ಉದ್ದನೆಯ ಕ್ರ್ಯಾಂಕ್‌ಗೆ ಮಾಡಿದ ಗೇರ್‌ಬಾಕ್ಸ್. ಕನ್ವರ್ಟರ್ ಮೂತಿಯಲ್ಲಿ ಒಂದು ಗಿಡ್ಡ ಹಬ್ ಇರುತ್ತದಲ್ಲ, ಅದು ಕ್ರ್ಯಾಂಕ್ ನಡುವಿನ ತೂತಿನೊಳಗೆ ಬಿಗಿಯಾಗಿ ಕೂರಬೇಕು. ಕನ್ವರ್ಟರನ್ನು ಮಧ್ಯಕ್ಕೆ ಹಿಡಿದಿಡುವುದು ಆ ಹಬ್ಬೇ ಹೊರತು ಫ್ಲೆಕ್ಸ್‌ಪ್ಲೇಟ್ ಅಲ್ಲ. ನೀವು ಹಾಕಿದ 4ಎಲ್60ಇ ಪ್ಲೇಟ್ ತಟ್ಟೆಯ ಹಾಗೆ ಹಿಂದಕ್ಕೆ ಉಬ್ಬಿರುತ್ತದೆ, ಅದಕ್ಕೇ ಬೋಲ್ಟ್ ಸಲೀಸಾಗಿ ಮುಟ್ಟಿವೆ. ಆದರೆ ಹಬ್ ಗಾಳಿಯಲ್ಲಿ ನೇತಾಡುತ್ತಿದೆ. ಎಣ್ಣೆ ತುಂಬಿದ ಕನ್ವರ್ಟರಿನ ಭಾರವೆಲ್ಲ ಆ ತೆಳು ತಗಡಿನ ಮೇಲೆ! ಸುತ್ತಿಗೊಂದು ಸಲ ಬಾಗುತ್ತದೆ, ನಿಮಿಷಕ್ಕೆ 6000 ಸುತ್ತು ಅಂದರೆ ಎಷ್ಟಾಯಿತು ಲೆಕ್ಕ ಹಾಕಿಕೊಳ್ಳಿ. ತೂತು ಉಜ್ಜಿದ್ದಂತೂ ಕನ್ವರ್ಟರ್ ಇನ್ನಷ್ಟು ಓರೆಯಾಗಿ ಕೂರಲು ನೀವೇ ಕೊಟ್ಟ ಪರವಾನಗಿ.

ಬೇಕಾದದ್ದು: ಸ್ಪೇಸರ್ (ಆ ಕೊರತೆ ತುಂಬುವ ಉಂಗುರ, ಹಬ್ ಇದರೊಳಗೆ ಕೂರುತ್ತದೆ), ಅದಕ್ಕೆ ತಕ್ಕ ಉದ್ದನೆಯ ಕ್ರ್ಯಾಂಕ್ ಬೋಲ್ಟ್, ಚಪ್ಪಟೆ ಪ್ಲೇಟ್. ಎಲ್‌ಎಸ್ ಜೊತೆ 4ಎಲ್80ಇ ಗೇರ್‌ಬಾಕ್ಸ್ ಬರುತ್ತಿದ್ದಾಗ ಕಂಪನಿಯವರೇ ಇದೇ ಜೋಡಿ ಹಾಕುತ್ತಿದ್ದರು. 1999, 2000ರ ಕೆಲವು 6.0 ಲೀಟರ್ ಎಂಜಿನ್‌ಗಳಲ್ಲಿ ಮಾತ್ರ ಕ್ರ್ಯಾಂಕೇ ಉದ್ದ, ಅವಕ್ಕೆ ಸ್ಪೇಸರ್ ಬೇಡ. ನಿಮ್ಮದು 5.3, ಹಾಗಾಗಿ ಬೇಕೇ ಬೇಕು.

ತಿರುಗುಮುರುಗು:

ಎಣ್ಣೆಕೈ ಹೇಳಿದ್ದು ಸರಿ, ಆದರೆ ಪ್ಲೇಟ್ ಬದಲಾಯಿಸುವುದು ಬೇಡ ಅಂತ ಅರ್ಥ ಮಾಡಿಕೊಳ್ಳಬೇಡಿ. ಸ್ಟ್ರಿಪ್‌ಗೆ ಹೋಗುವವರು ಎಸ್‌ಎಫ್‌ಐ 29.1 ಮುದ್ರೆಯದ್ದೇ ಹಾಕಿ. ಆ ಮುದ್ರೆ ಏನು ಹೇಳುತ್ತದೆ ಅನ್ನುವುದೂ ತಿಳಿದಿರಲಿ. ವೇಗವಾಗಿ ತಿರುಗುವಾಗ ಪ್ಲೇಟ್ ಒಡೆದು ಚೂರು ಹಾರಿ ನಿಮ್ಮ ಕಾಲಿಗೆ ಬರಬಾರದು, ಅದಕ್ಕಿರುವ ಮಾನದಂಡ ಅದು. ಓರೆಯಾಗಿ ಕೂರಿಸಿದರೂ ಸೀಳುವುದಿಲ್ಲ ಅಂತ ಅದು ಮಾತು ಕೊಡುವುದಿಲ್ಲ. ಮುದ್ರೆಯ ಮೇಲೆ ತಾರೀಖು ಇರುತ್ತದೆ, ನೀವು ಓಡುವ ಕಡೆಯ ನಿಯಮ ಪುಸ್ತಕದ ಜೊತೆ ತಾಳೆ ನೋಡಿ. ಬೆಲ್‌ಹೌಸಿಂಗ್ (ಗೇರ್‌ಬಾಕ್ಸಿನ ಮುಂದಿನ ಕವಚ) ಸುತ್ತ ಹಾಕುವ ಫ್ಲೆಕ್ಸ್‌ಪ್ಲೇಟ್ ಶೀಲ್ಡ್‌ಗೆ ಬೇರೆಯದೇ ಮಾನದಂಡ, 30.1. ಎರಡನ್ನೂ ಒಂದೇ ಅಂದುಕೊಂಡು ಗೇಟಿನಲ್ಲಿ ಜಗಳ ಆಡಿದವರನ್ನು ನೋಡಿದ್ದೇನೆ.

ಕೊಳ್ಳುವಾಗ ನಾನು ಮೊದಲು ನೋಡುವುದು ರಿಂಗ್ ಗೇರ್ ಬೆಸುಗೆ. ಎರಡೂ ಕಡೆ, ಸುತ್ತಲೂ ಬೆಸುಗೆ ಇರಬೇಕು. ಅಲ್ಲಲ್ಲಿ ಚುಕ್ಕೆ ಇಟ್ಟ ಹಾಗೆ ಬೆಸೆದದ್ದನ್ನು ಮುಟ್ಟಬೇಡಿ. ಆಮೇಲೆ ಕ್ರ್ಯಾಂಕ್‌ಗೆ ಕೂರಿಸಿ ಡಯಲ್ ಇಂಡಿಕೇಟರ್ (ಅಲ್ಲಾಟ ಅಳೆಯುವ ಗೇಜ್) ಇಟ್ಟು ತಿರುಗಿಸಿ. ಅಗ್ಗದ ಕೆಲವು ಪ್ಲೇಟ್‌ಗಳು ಪೆಟ್ಟಿಗೆಯಿಂದ ಬರುವಾಗಲೇ ಅಲ್ಲಾಡುತ್ತವೆ, ಆಮೇಲೆ ಸ್ಟಾರ್ಟರ್ ಹಲ್ಲು ಕಡಿಯುತ್ತದೆ. ದಪ್ಪ 3/16 ಇಂಚಿನ ಆಸುಪಾಸು ಇದ್ದರೆ ನಿಮ್ಮ ಶಕ್ತಿಗೆ ಧಾರಾಳ.

ಬಿಲೆಟ್? ಟ್ರಾನ್ಸ್‌ಬ್ರೇಕ್ (ಗೇರ್‌ಬಾಕ್ಸನ್ನೇ ಲಾಕ್ ಮಾಡಿ ಕಾರು ನಿಲ್ಲಿಸುವ ಸಾಧನ) ಹಿಡಿದು ಬೂಸ್ಟ್ ಏರಿಸಿ ಬಿಡುವವರಿಗೆ, ನಿಮ್ಮ ಎರಡರಷ್ಟು ಶಕ್ತಿ ಇರುವವರಿಗೆ. ಹೆಸರೇ ಫ್ಲೆಕ್ಸ್ ಅಲ್ವಾ, ಅದು ಹಿಂದೆ ಮುಂದೆ ಸ್ವಲ್ಪ ಬಾಗಲೇಬೇಕು. ಒಳಗಿನ ಒತ್ತಡಕ್ಕೆ ಕನ್ವರ್ಟರ್ ಬಲೂನಿನ ಹಾಗೆ ಒಂಚೂರು ಉಬ್ಬುತ್ತದೆ. ಪ್ಲೇಟ್ ಬಾಗದಷ್ಟು ಬಿಗಿಯಾಗಿದ್ದರೆ ಆ ನೂಕು ನೇರ ಕ್ರ್ಯಾಂಕ್‌ಗೆ, ಅಲ್ಲಿಂದ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗ್‌ಗೆ ಹೋಗುತ್ತದೆ. ಹಾಗಾಗಿ ಜಾಸ್ತಿ ದಪ್ಪ ಅಂದರೆ ಜಾಸ್ತಿ ಒಳ್ಳೆಯದು ಅಂತೇನಿಲ್ಲ.

ನಟ್ಟುಬೋಲ್ಟು:

ಮೇಲಿನವರು ಬಿಟ್ಟದ್ದು ಡೋವೆಲ್ ಪಿನ್. ನನ್ನ ಕಾರಿನಲ್ಲಿ ಒಂದೇ ವರ್ಷದಲ್ಲಿ ಮೂರು ಪ್ಲೇಟ್ ಹೋದವು. ಗೇರ್‌ಬಾಕ್ಸ್ ಕೂರಿಸಿದ ವರ್ಕ್‌ಶಾಪಿನವರು ಪ್ರತಿ ಸಲ ಪ್ಲೇಟನ್ನೇ ಬೈದರು, ನಾನೂ ಅವರ ಜೊತೆ ಬೈದೆ. ನಾಲ್ಕನೆಯದನ್ನು ನಾನೇ ಹಾಕಲು ಕೂತಾಗ ನೋಡಿದೆ, ಬ್ಲಾಕ್‌ನ ಹಿಂದೆ ಇರಬೇಕಾದ ಎರಡು ಪಿನ್‌ಗಳಲ್ಲಿ ಒಂದು ಇಲ್ಲವೇ ಇಲ್ಲ. ಬೆಲ್‌ಹೌಸಿಂಗನ್ನು ಜಾಗಕ್ಕೆ ಸರಿಯಾಗಿ ಕೂರಿಸುವುದು ಆ ಪಿನ್‌ಗಳು, ಬೋಲ್ಟ್ ಅಲ್ಲ. ಬೋಲ್ಟಿನ ತೂತಿನಲ್ಲಿ ಆಟ ಇರುತ್ತದೆ. ಹೊಸ ಪಿನ್ ಬಡಿದ ಮೇಲೆ ಪ್ಲೇಟಿನ ಸುದ್ದಿಯೇ ಇಲ್ಲ.

ಮತ್ತೆ ಬ್ಯಾಲೆನ್ಸ್. ಅರ್ಧಗೇರ್‌ಗೆ ಇದು ಚಿಂತೆ ಇಲ್ಲ, 5.3 ಎಂಜಿನ್ನಿಗೆ ಬ್ಯಾಲೆನ್ಸ್ ತೂಕ ಅಂಟಿಸಿರದ ಪ್ಲೇಟ್ ಸಾಕು. ಬೇರೆಯವರು ಓದುತ್ತಿದ್ದರೆ ಹೇಳುತ್ತೇನೆ. ಫೋರ್ಡ್ 302ರಲ್ಲಿ ಹಳೆಯವಕ್ಕೆ 28 ಔನ್ಸ್-ಇಂಚು, 1980ರ ದಶಕದಿಂದೀಚಿನವಕ್ಕೆ 50 ಔನ್ಸ್-ಇಂಚು ಬ್ಯಾಲೆನ್ಸ್ ತೂಕ ಇರುವ ಪ್ಲೇಟ್ ಬೇಕು. ಶೆವ್ರೊಲೆ 400 ಮತ್ತು 454ಕ್ಕೂ ಪ್ಲೇಟಿನಲ್ಲಿ ತೂಕ ಇರುತ್ತದೆ. ಅದಲು ಬದಲಾದರೆ ಎಂಜಿನ್ ನಡುಗಿ ನಡುಗಿ ಬೇರಿಂಗ್ ತಿನ್ನುತ್ತದೆ. ಹಲ್ಲಿನ ಎಣಿಕೆಯನ್ನೂ ನೋಡಿ, ಹಳೆ ಶೆವ್ರೊಲೆಗಳಲ್ಲಿ 153 ಮತ್ತು 168 ಹಲ್ಲು ಎರಡೂ ಉಂಟು, ಒಂದರ ಸ್ಟಾರ್ಟರ್ ಇನ್ನೊಂದಕ್ಕೆ ಆಗುವುದಿಲ್ಲ.

ಅರ್ಧಗೇರ್:

ಮಾರಾಯ್ರೆ, ನಾನು ಕೇಳಿದ್ದು ದಪ್ಪ ಎಷ್ಟು ಅಂತ, ನೀವು ಇಡೀ ಹಿಂಭಾಗವನ್ನೇ ಬಿಚ್ಚಿಟ್ಟಿರಿ! ಬಹಳ ಉಪಕಾರ. ಎರಡೂ ಪಿನ್ ಇವೆ, ನೋಡಿದೆ. ಸ್ಪೇಸರ್, ಉದ್ದ ಬೋಲ್ಟ್, ಎರಡು ಬಗೆಯ ಕನ್ವರ್ಟರ್ ತೂತು ಇರುವ ಚಪ್ಪಟೆ ಎಸ್‌ಎಫ್‌ಐ ಪ್ಲೇಟ್ ತರಿಸುತ್ತಿದ್ದೇನೆ. ಕೂರಿಸುವಾಗ ಏನು ನೋಡಬೇಕು?

ಎಣ್ಣೆಕೈ:

ಮೊದಲು ಕನ್ವರ್ಟರನ್ನು ತಿರುಗಿಸುತ್ತಾ ಗೇರ್‌ಬಾಕ್ಸಿನ ಎಣ್ಣೆ ಪಂಪ್‌ನೊಳಗೆ ಪೂರ್ತಿ ತಳ್ಳಿ, ಒಂದೊಂದೇ ಹಂತ ಧಡ್ ಅಂತ ಒಳಗೆ ಇಳಿಯುವುದು ಕೈಗೆ ಗೊತ್ತಾಗುತ್ತದೆ. ಬೆಲ್‌ಹೌಸಿಂಗ್ ಬೋಲ್ಟ್ ಬಿಗಿ ಮಾಡಿದ ಮೇಲೆ, ಪ್ಲೇಟಿಗೆ ಇನ್ನೂ ಬೋಲ್ಟ್ ಹಾಕುವ ಮುಂಚೆ, ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಪ್ಲೇಟಿಗೂ ಅದಕ್ಕೂ 1/8ರಿಂದ 3/16 ಇಂಚು ಸಂದು ಇರಬೇಕು. ಸಂದೇ ಇಲ್ಲ ಅಂದರೆ ಅಲ್ಲೇ ನಿಲ್ಲಿಸಿ, ಬೋಲ್ಟ್ ಎಳೆದು ಕೂರಿಸಲು ಹೋದರೆ ಪಂಪ್ ಪುಡಿಪುಡಿ. ಜಾಸ್ತಿ ಇದ್ದರೆ ಮೂರೂ ಕಡೆ ಒಂದೇ ದಪ್ಪದ ಗಟ್ಟಿ ವಾಷರ್ ಕೊಡಿ.

ಕಂಪನಿ ಕ್ರ್ಯಾಂಕ್ ಬೋಲ್ಟ್ ಬಿಗಿ ಮಾಡಲು ಮೂರು ಹಂತ: 15, 37, 74 ಪೌಂಡ್-ಅಡಿ, ಎದುರುಬದುರಾಗಿ. ಸ್ಪೇಸರ್ ಜೊತೆ ಬಂದ ಬೋಲ್ಟಿಗೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಕನ್ವರ್ಟರ್ ಬೋಲ್ಟ್ ಉದ್ದ ಜಾಸ್ತಿಯಾದರೆ ಕನ್ವರ್ಟರ್ ಮುಚ್ಚಳ ಒಳಗಡೆಗೆ ಉಬ್ಬುತ್ತದೆ, ಅದನ್ನೂ ಅಳೆದು ನೋಡಿ.

ಅರ್ಧಗೇರ್, ಎರಡು ವಾರದ ನಂತರ:

ಸಾಮಾನು ಬಂತು, ಕೂರಿಸಿದೆ. ಹಬ್ ಸ್ಪೇಸರಿನೊಳಗೆ ಬಿಗಿಯಾಗಿ ಹೋಯಿತು, ಸಂದು 4 ಮಿಲಿಮೀಟರ್ ಬಂತು. ಟಕ್ ಟಕ್ ಇಲ್ಲ. ಮೊದಲೆಲ್ಲ ಮೇಲಿನ ವೇಗದಲ್ಲಿ ಒಂದು ಸಣ್ಣ ನಡುಕ ಇತ್ತು, ಟಯರ್ ಬ್ಯಾಲೆನ್ಸ್ ಅಂತ ಎರಡು ಸಲ ಮಾಡಿಸಿದ್ದೆ. ಅದೂ ಹೋಗಿದೆ. ಮುಂದಿನ ವಾರ ಸ್ಟ್ರಿಪ್‌ಗೆ.