ತುರ್ತು: ಕಚೇರಿ ಗೋಡೆಗೆ ‘ಎವೆಯಿಕ್ಕಿ’ ಎಂದು ಬರೆಸಬಹುದೇ? (ಮರು)

ಎಲ್ಲರಿಗೂ ನಮಸ್ಕಾರ.

ಮೊನ್ನೆ ನಾನು ಕೇಳಿದ್ದು ಒಂದೇ ಮಾತು. ಕಾರವಾರದ ನಮ್ಮ ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಿಗಾಗಿ, ಆಗಾಗ ಕಣ್ಣಿನ ರೆಪ್ಪೆ ಬಡಿಯಲು ನೆನಪಿಸುವ ಒಂದು ಫಲಕ ಬೇಕು, ಅದಕ್ಕೆ ಯಾವ ಪದ ಸರಿ ಅಂತ. ಸೋಮವಾರ ಬೆಳಿಗ್ಗೆ ಪೇಂಟರ್ ಬರುತ್ತಾನೆ. ಬಂದ 11 ಉತ್ತರಗಳಲ್ಲಿ 8, ಕಂಪ್ಯೂಟರ್ ಸ್ಕ್ರೀನಿಗೆ ನಾನು ಬಳಸಿದ ‘ಪರದೆ’ಯ ಮೇಲಿನ ಜಗಳ. ಪರದೆ ಪಾರಸಿಯದು, ‘ತೆರೆ’ ಎನ್ನಬೇಕು ಅಂತ. ಪಾರಸಿಯದು ಹೌದು, ಆದರೆ ಬಂದು ಎಷ್ಟು ಕಾಲವಾಯಿತು! ಇಲ್ಲಿ ಅರ್ಧ ಜನ ಮನೆಯಲ್ಲಿ ಕೊಂಕಣಿ ಆಡುವವರು. ಅವರಿಗೂ ಅದು ‘ಪಡದೋ’. ‘ತೆರೆ ನೋಡಬೇಡಿ’ ಎಂದರೆ ಈ ಊರಲ್ಲಿ ಸಮುದ್ರ ನೋಡಬೇಡಿ ಎಂದಾಗುತ್ತದೆ. ನಾನು ಹೇಳಬೇಕಾದದ್ದು ಅದಕ್ಕೆ ತೀರಾ ಉಲ್ಟಾ. 20 ನಿಮಿಷಕ್ಕೊಮ್ಮೆ, 20 ಅಡಿ ಆಚೆಗೆ, 20 ಸೆಕೆಂಡು ನೋಡಿ ಅಂತ. ಕಿಟಕಿ ತೆಗೆದರೆ ಕಾಣುವುದೇ ತೆರೆ.

‘ನೇತ್ರಾಯಾಸ’ ಬೇಡ. ಅದು ಕಾಯಿಲೆಯ ಹೆಸರು, ಏನು ಮಾಡಬೇಕೆಂದು ಹೇಳುವುದಿಲ್ಲ. ನನ್ನ ಪಕ್ಕದ ಮೇಜಿನವಳು ಸಂಜೆ ನಾಲ್ಕಕ್ಕೆ ಕನ್ನಡಕ ತೆಗೆದಿಟ್ಟು, ಒದ್ದೆ ಕರವಸ್ತ್ರ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ‘ಕಣ್ಣಲ್ಲಿ ಹೊಯ್ಗೆ ಬಿದ್ದ ಹಾಗೆ’ ಎನ್ನುತ್ತಾಳೆ. ನಿಮಿಷಕ್ಕೆ 15-20 ಸಲ ಬಡಿಯುವ ರೆಪ್ಪೆ, ಪರದೆ ನೋಡುವಾಗ ಅದರ ಅರ್ಧದಷ್ಟೂ ಬಡಿಯದೆ ಹೋಗಬಹುದು. ಕಣ್ಣೀರಿನ ಪಸೆ ಹರಡುವುದಿಲ್ಲ, ಕಣ್ಣು ಒಣಗುತ್ತದೆ. ಹಾಗಾಗಿ ನನಗೆ ಬೇಕಾದದ್ದು ಕ್ರಿಯಾಪದ.

‘ಕಣ್ಣು ಮಿಟುಕಿಸಿ’ ಆಗದು. ಗಂಡಸರು ಹೆಂಗಸರು ಒಟ್ಟಿಗೆ ಕೂರುವ ಕೋಣೆ, ಅದಕ್ಕೆ ಸನ್ನೆ ಮಾಡುವ ಅರ್ಥವೂ ಇದೆ.

ಉಳಿದದ್ದು ‘ಎವೆಯಿಕ್ಕು’. ಎವೆ ಅಂದರೆ ರೆಪ್ಪೆ, ಎವೆಯಿಕ್ಕು ಅಂದರೆ ರೆಪ್ಪೆ ಬಡಿ. ಹಿರಿಯರೊಬ್ಬರು ‘ನಿಷೇಧದಲ್ಲಿ (ಎವೆಯಿಕ್ಕದೆ ಎಂದು) ಮಾತ್ರ ಬಳಕೆ, ಚರ್ಚೆ ಮುಗಿಯಿತು’ ಎಂದು ಒಂದೇ ಸಾಲು ಬರೆದಿದ್ದಾರೆ. ಮುಗಿದಿಲ್ಲ ಸ್ವಾಮಿ. ‘ಎವೆಯಿಕ್ಕುವಷ್ಟರಲ್ಲಿ’ ಎನ್ನುವುದಿಲ್ಲವೇ? ನಮ್ಮ ಎವೆ, ತಮಿಳಿನ ಇಮೈ ಒಂದೇ ಬೇರಿನವು. ಅಚ್ಚಗನ್ನಡ ಬೇಕೆನ್ನುವವರು ಇದನ್ನು ಬಿಟ್ಟು ಸುಮ್ನೆ ಪರದೆ ಹಿಡಿದು ಎಳೆಯುತ್ತಿದ್ದೀರಿ.

ಆದರೆ ನಿನ್ನೆ ಚೀಟಿಯಲ್ಲಿ ಬರೆದು ಆ ಪಕ್ಕದ ಮೇಜಿನವಳಿಗೇ ತೋರಿಸಿದೆ. ‘ಎವೆ ಅಂದ್ರೆ ಎಂತ?’ ಎಂದಳು. ಇಷ್ಟದ ಪದ, ಬಿಡಲು ಮನಸ್ಸಿಲ್ಲ. ಆದರೂ ಉರಿಯುವ ಕಣ್ಣಿನವಳಿಗೆ ನಿಘಂಟು ಕೊಡಲಾಗದು. ಈಗ ಹೀಗೆ ಬರೆದಿದ್ದೇನೆ:

‘ಆಗಾಗ ರೆಪ್ಪೆ ಬಡಿಯಿರಿ. ಕಿಟಕಿಯಾಚೆ ದೂರ ನೋಡಿ.’

‘ಬಡಿಯಿರಿ’ ಒರಟಾಯಿತೇ? ‘ಮುಚ್ಚಿ ತೆರೆಯಿರಿ’ ವಾಸಿಯೇ? ಇನ್ನೊಂದು, ಮಣಿಕಟ್ಟಿನ ನರ ಒತ್ತಿ ಬೆರಳಿಗೆ ಬರುವುದಕ್ಕೆ ‘ಜೋಮು’ ಎಂದು ಬರೆಸುತ್ತಿದ್ದೇನೆ. ಶಿರಸಿ ಕಡೆಯವರೂ ಹಾಗೇ ಅನ್ನುತ್ತೀರಿ ಅಲ್ವಾ? ಭಾನುವಾರ ಸಂಜೆಯೊಳಗೆ ತಿಳಿಸಿ.